ಕುದಿಸಿದ ಮೇಲೆ ನೀರನ್ನು ಎಲ್ಲಿಡುತ್ತೀರಿ?

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ವಿಜ್ಞಾನದ ಪುಸ್ತಕ ಮುಚ್ಚಿದ್ದು ಹತ್ತನೇ ತರಗತಿಯಲ್ಲಿ. ಅದನ್ನು ಮತ್ತೆ ತೆರೆಸಿದ್ದು ನನ್ನ ತಮ್ಮನ ಟೈಫಾಯಿಡ್.

"ನಾವು ನೀರು ಕುದಿಸಿಯೇ ಕುಡಿಯುತ್ತೇವೆ ಡಾಕ್ಟರ್" ಎಂದರು ಅಮ್ಮಿ. "ಕುದಿಸಿದ ಮೇಲೆ ಎಲ್ಲಿಡುತ್ತೀರಿ? ಹೇಗೆ ತೆಗೆಯುತ್ತೀರಿ?" ಎಂದು ಡಾಕ್ಟರ್ ಕೇಳಿದರು. ಅಮ್ಮಿ ಸುಮ್ಮನಾದರು. ನಾವು ನೀರನ್ನು ಮಡಕೆಗೆ ಸುರಿದು, ಎಲ್ಲರೂ ಅದರೊಳಗೆ ಲೋಟ ಅದ್ದುತ್ತಿದ್ದೆವು. ಬೆರಳುಗಳೂ ನೀರಿಗೆ ತಾಗುತ್ತಿದ್ದವು. ರೋಗ ಹೊರಗಿನ ತಿಂಡಿಯಿಂದಲೂ ಬಂದಿರಬಹುದು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಓದಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತೇನೆ.

1. ಶಾಖ

ನೀರು ಚೆನ್ನಾಗಿ ಮರಳುವಂತೆ ಒಂದು ನಿಮಿಷ ಕುದಿಸಿದರೆ ಟೈಫಾಯಿಡ್, ಕಾಲರಾ ತರುವ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಆದರೆ ಕೆಲವು ಬ್ಯಾಕ್ಟೀರಿಯಾಗಳು ಗಟ್ಟಿ ಕವಚದ ಬೀಜಾಣುಗಳಾಗಿ ಬದಲಾಗಿ ಕುದಿಯುವ ನೀರಿನಲ್ಲೂ ಬದುಕಬಲ್ಲವು. ಕುಡಿಯುವ ನೀರಿಗೆ ಕುದಿಸುವುದು ಸಾಕು. ಶಸ್ತ್ರಚಿಕಿತ್ಸೆಯ ಉಪಕರಣಗಳಿಗೆ ಸಾಲದು. ಅವುಗಳಿಗೆ ಆಟೋಕ್ಲೇವ್ ಬೇಕು. ಇದು ನಮ್ಮ ಪ್ರೆಶರ್ ಕುಕ್ಕರಿನ ದೊಡ್ಡಣ್ಣ. ಒತ್ತಡದ ಹಬೆಯಲ್ಲಿ 121 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಮಾನ್ಯವಾಗಿ 15 ನಿಮಿಷ ಇಟ್ಟರೆ ಬೀಜಾಣುಗಳೂ ಉಳಿಯುವುದಿಲ್ಲ. 1879ರಲ್ಲಿ ಇದನ್ನು ರೂಪಿಸಿದವರು ಲೂಯಿ ಪಾಶ್ಚರ್ ಅವರ ಸಹೋದ್ಯೋಗಿ ಚಾರ್ಲ್ಸ್ ಚೇಂಬರ್ಲೆಂಡ್.

ಹಾಲಿಗೆ ಇನ್ನೊಂದು ವಿಧಾನ. 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿ ಕೂಡಲೇ ತಣ್ಣಗೆ ಮಾಡುತ್ತಾರೆ. ಇದು ಪಾಶ್ಚರೀಕರಣ. ರೋಗ ತರುವ ಬ್ಯಾಕ್ಟೀರಿಯಾಗಳು ಸಾಯುತ್ತವೆ, ಹಾಲು ಕೆಡಿಸುವ ಕೆಲವು ಉಳಿಯುತ್ತವೆ. ಅದಕ್ಕೇ ಹಾಲಿನ ಪ್ಯಾಕೆಟ್ಟನ್ನು ಫ್ರಿಜ್‌ನಲ್ಲಿ ಇಡಬೇಕು. 135 ಡಿಗ್ರಿಗೂ ಮೇಲೆ ಕೆಲವೇ ಸೆಕೆಂಡು ಕಾಯಿಸಿ ಶುದ್ಧ ಪೆಟ್ಟಿಗೆಯಲ್ಲಿ ತುಂಬಿದ ಹಾಲು ತೆರೆಯುವವರೆಗೂ ತಿಂಗಳುಗಟ್ಟಲೆ ಹೊರಗೇ ಇರಬಲ್ಲದು.

2. ರಾಸಾಯನಿಕ

ಸ್ಯಾನಿಟೈಜರ್‌ನಲ್ಲಿ ಶುದ್ಧ ಆಲ್ಕೋಹಾಲ್‌ಗಿಂತ ಸುಮಾರು 70 ಶೇಕಡದ ಆಲ್ಕೋಹಾಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಬ್ಯಾಕ್ಟೀರಿಯಾದ ಪ್ರೋಟೀನ್ ಕೆಡಿಸಲು ನೀರಿನ ಅಂಶವೂ ಬೇಕು. ನೀರಿಗೆ ಕ್ಲೋರಿನ್ ಮಾತ್ರೆ ಹಾಕಿದರೆ ಸುಮಾರು ಅರ್ಧ ಗಂಟೆ ಕಾಯಬೇಕು. ಕೆಸರು ನೀರನ್ನು ಮೊದಲು ಸೋಸಬೇಕು, ಇಲ್ಲದಿದ್ದರೆ ಕ್ಲೋರಿನ್ ಕೆಸರಿನಲ್ಲೇ ಖರ್ಚಾಗುತ್ತದೆ.

3. ಸೋಸುವಿಕೆ

ಇದರಲ್ಲಿ ಕೊಲ್ಲುವುದಿಲ್ಲ, ಬೇರ್ಪಡಿಸುತ್ತೇವೆ. ಬಟ್ಟೆಯ ರಂಧ್ರಗಳಲ್ಲಿ ಬ್ಯಾಕ್ಟೀರಿಯಾ ಸಲೀಸಾಗಿ ನುಸುಳುತ್ತದೆ. 0.2 ಮೈಕ್ರಾನ್ ರಂಧ್ರದ ಫಿಲ್ಟರ್ ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ. ಅದಕ್ಕಿಂತ ಚಿಕ್ಕದಾದ ಹೆಚ್ಚಿನ ವೈರಸ್‌ಗಳು ಅದನ್ನೂ ದಾಟಬಲ್ಲವು.

ಡಾಕ್ಟರ್ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕ್ಲೋರಿನ್ ಸ್ವಲ್ಪ ನೀರಿನಲ್ಲೇ ಉಳಿದು ಆಮೇಲೆ ಬರುವ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಕುದಿಸಿದ ನೀರಿಗೆ ಆ ಕಾವಲು ಇಲ್ಲ. ತಣ್ಣಗಾದ ಮೇಲೆ ಒಂದು ಕೊಳೆ ಬೆರಳು ತಾಗಿದರೂ ಅದು ಮತ್ತೆ ಮಲಿನ. ಆಸ್ಪತ್ರೆಯವರು ಉಪಕರಣಗಳನ್ನು ಸುತ್ತಿಟ್ಟೇ ಆಟೋಕ್ಲೇವ್ ಮಾಡುವುದು, ಹಾಲಿನ ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚುವುದು ಇದಕ್ಕೇ. ಕೊಲ್ಲುವುದು ಅರ್ಧ ಕೆಲಸ, ಮತ್ತೆ ಒಳಬರದಂತೆ ತಡೆಯುವುದು ಇನ್ನರ್ಧ.

ವಾಣಿಜ್ಯದ ಮಾತಿನಲ್ಲಿ ಹೇಳುವುದಾದರೆ, ನಾವು ದಿನವೂ ಗ್ಯಾಸ್ ಖರ್ಚು ಮಾಡಿ ಲಾಭವನ್ನು ಮಡಕೆಯಲ್ಲಿ ಕಳೆಯುತ್ತಿದ್ದೆವು. ಈಗ ನಲ್ಲಿ ಇರುವ, ಮುಚ್ಚಳ ಇರುವ ಡಬ್ಬ ತಂದಿದ್ದೇವೆ. ಅದನ್ನು ತೊಳೆಯುವುದು ನನ್ನ ಕೆಲಸ, ತೊಳೆಯುವ ಮೊದಲು ಸೋಪಿನಿಂದ ಕೈ ತೊಳೆದುಕೊಳ್ಳುವುದೂ. ಇವತ್ತು ಮನೆಗೆ ಹೋದಾಗ ನಿಮ್ಮ ಮನೆಯ ನೀರನ್ನು ಹೇಗೆ ತೆಗೆಯುತ್ತಾರೆ ಎಂದು ಒಮ್ಮೆ ನೋಡಿ.