ಚಕ್ರದ ಮನೆ, ಸೂಚಿಯ ಹೆಜ್ಜೆ

ಕುಮುದೇಂದು ಮುನಿಯ 'ಸಿರಿಭೂವಲಯ'ವು ಅಂಕಗಳಲ್ಲಿ ರಚಿತವಾದ ಕೃತಿ. ಒಂದೊಂದು ಚಕ್ರಕ್ಕೂ 27 ಅಡ್ಡಸಾಲು, 27 ಕಂಬಸಾಲು. ಒಟ್ಟು 729 ಮನೆಗಳು. ಪ್ರತಿ ಮನೆಯಲ್ಲಿಯೂ 1ರಿಂದ 64ರವರೆಗಿನ ಒಂದು ಅಂಕ, ಪ್ರತಿ ಅಂಕಕ್ಕೂ ಒಂದು ಧ್ವನಿ. ಕೃತಿಯ ಕಾಲವನ್ನು ಕುರಿತು ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆ ಚರ್ಚೆ ಇಲ್ಲಿ ಅಪ್ರಸ್ತುತ. ಇಂತಹ ಚಕ್ರವನ್ನು ಗಣಕಯಂತ್ರದಿಂದ ಓದಿಸಬಯಸುವ ಕನ್ನಡ ವಿದ್ಯಾರ್ಥಿಯು ಸಿ ಭಾಷೆಯಲ್ಲಿ ಎಡವುವ ಒಂದು ತಾಣವನ್ನು ತೋರಿಸುವುದಷ್ಟೇ ಪ್ರಸ್ತುತ ಲೇಖನದ ಉದ್ದೇಶ.

ಈ ಚಕ್ರವನ್ನು ಸಿ ಭಾಷೆಯಲ್ಲಿ 'ಇಂಟ್ ಚಕ್ರ[27][27]' ಎಂಬ ದ್ವಿಮಾನ ಅರೇಯಾಗಿ ಘೋಷಿಸುತ್ತೇವೆ. (ಇಂಟ್ ಮೊದಲಾದ ಮೀಸಲು ಪದಗಳನ್ನು ಯಂತ್ರಕ್ಕೆ ರೋಮನ್ ಲಿಪಿಯಲ್ಲಿಯೇ ಕೊಡತಕ್ಕದ್ದು.) ಕಾಗದದ ಮೇಲೆ ಚೌಕವಾಗಿ ತೋರುವ ಇದು ಯಂತ್ರದ ಸ್ಮೃತಿಯಲ್ಲಿ ಚೌಕವಲ್ಲ. ಮೊದಲ ಸಾಲಿನ 27 ಅಂಕಗಳ ಬೆನ್ನಿಗೇ ಎರಡನೆಯ ಸಾಲಿನ 27 ಅಂಕಗಳು ಬರುತ್ತವೆ. ಓಲೆಗರಿಯಲ್ಲಿ ಪದ್ಯದ ಪಾದಗಳನ್ನು ಬಿಡುವಿಲ್ಲದೆ ಬರೆದಂತೆ. ಅಲ್ಲಿ ಪಾದ ಎಲ್ಲಿ ಮುಗಿಯಿತೆಂಬುದನ್ನು ಛಂದಸ್ಸು ಹೇಳುತ್ತದೆ. ಇಲ್ಲಿ ಸಾಲು ಎಲ್ಲಿ ಮುಗಿಯಿತೆಂಬುದನ್ನು ಸೂಚಿಯ ಜಾತಿ ಹೇಳುತ್ತದೆ.

ಸೂಚಿ, ಅಂದರೆ ಪಾಯಿಂಟರ್, ಒಂದು ಮನೆಯ ವಿಳಾಸವನ್ನು ಹೊತ್ತಿರುವ ಚರ. 'ಇಂಟ್ *ಸೂ' ಎಂಬ ಸೂಚಿಗೆ ಒಂದನ್ನು ಕೂಡಿಸಿದರೆ ಅದು ಒಂದು ಮನೆ ಮುಂದೆ ಸರಿಯುತ್ತದೆ. 'ಇಂಟ್ (*ಪಂಕ್ತಿ)[27]' ಎಂಬುದಕ್ಕೆ ಒಂದನ್ನು ಕೂಡಿಸಿದರೆ ಇಡೀ ಸಾಲನ್ನೇ ದಾಟುತ್ತದೆ. ಇಂಟ್ 4 ಬೈಟ್ ಆಗಿರುವ ಯಂತ್ರದಲ್ಲಿ 108 ಬೈಟ್. 'ಚಕ್ರ' ಎಂಬ ಹೆಸರು ಲೆಕ್ಕದಲ್ಲಿ ಬಳಕೆಯಾದಾಗ ಈ ಎರಡನೆಯ ಜಾತಿಯ ಸೂಚಿಯಾಗುತ್ತದೆ. ಆದುದರಿಂದಲೇ 'ಚಕ್ರ[ಅ][ಕ]' ಮತ್ತು '*(*(ಚಕ್ರ + ಅ) + ಕ)' ಎರಡೂ ಒಂದೇ. ಆವರಣವನ್ನು ಬಿಟ್ಟು 'ಇಂಟ್ *ಪಂಕ್ತಿ[27]' ಎಂದು ಬರೆದರೆ 27 ಸೂಚಿಗಳ ಅರೇ ಎಂದಾಗುತ್ತದೆ. ವಿಗ್ರಹವಾಕ್ಯ ಬದಲಾದರೆ ಸಮಾಸದ ಅರ್ಥ ಬದಲಾಗುವುದನ್ನು ಬಲ್ಲ ನಮ್ಮ ವಿದ್ಯಾರ್ಥಿಗಳಿಗೆ ಇದು ಹೊಸತೇನಲ್ಲ.

ಒಂದು ಮಾನಕ್ಕೆ ಒಂದು ನಕ್ಷತ್ರ ಚಿಹ್ನೆಯಾದರೆ ಎರಡು ಮಾನಕ್ಕೆ ಎರಡು ಎಂದು ಊಹಿಸಿ 'ಇಂಟ್ **' ಬರೆಯುವವರುಂಟು. ಆಗ ಯಂತ್ರವು ಮನೆಯಲ್ಲಿರುವ ಅಂಕವನ್ನೇ ವಿಳಾಸವೆಂದು ತಿಳಿದು ಎಲ್ಲಿಗೋ ಹೋಗುತ್ತದೆ. ಪ್ರೋಗ್ರಾಮು ಸಾಮಾನ್ಯವಾಗಿ ಮುರಿದು ಬೀಳುತ್ತದೆ. ಇದು ಒಳ್ಳೆಯ ದೋಷ, ಏಕೆಂದರೆ ಕಣ್ಣಿಗೆ ಬೀಳುತ್ತದೆ.

ಕಣ್ಣಿಗೆ ಬೀಳದ ದೋಷವೇ ಅಪಾಯಕಾರಿ. ಓದು ಕರ್ಣಮಾರ್ಗದಲ್ಲಿ ಮೇಲಕ್ಕೆ ಬಲಕ್ಕೆ ಸಾಗುತ್ತದೆಂದು ಭಾವಿಸೋಣ. 'ಇಂಟ್ *ಸೂ' ಬಳಸುವವನು ಒಂದು ಸಾಲು ಹಿಂದೆ, ಒಂದು ಮನೆ ಮುಂದೆ ಎಂದು 26ನ್ನು ಕಳೆಯುತ್ತಾನೆ. ಚಕ್ರದ ನಡುವೆ ಇದು ಸರಿ. ಆದರೆ ಕೊನೆಯ ಕಂಬಸಾಲಿನಿಂದ 26ನ್ನು ಕಳೆದರೆ ಮೇಲಿನ ಸಾಲಿನ ಮೊದಲ ಮನೆಯ ಬದಲು ಅದೇ ಸಾಲಿನ ಮೊದಲ ಮನೆ ಸಿಗುತ್ತದೆ! ಅಲ್ಲಿಯೂ ಒಂದು ಅಂಕವಿದೆ, ಅದಕ್ಕೂ ಒಂದು ಅಕ್ಷರವಿದೆ. ಯಂತ್ರ ತಕರಾರೆತ್ತುವುದಿಲ್ಲ. ಪಾಠವೇ ವಿವಾದಗ್ರಸ್ತವಾಗಿರುವ ಕೃತಿಯಲ್ಲಿ ಹೀಗೆ ದೊರೆತ ಪಾಠವು ಕವಿಯದೋ ಸೂಚಿಯದೋ ಎಂದು ಹೇಳುವವರಾರು?

ಅಡ್ಡಸಾಲು ಕಂಬಸಾಲುಗಳನ್ನು ಬೇರೆಬೇರೆಯಾಗಿಯೇ ಇಟ್ಟುಕೊಂಡು, ಅಡ್ಡಸಾಲಿಗೆ 26ನ್ನೂ ಕಂಬಸಾಲಿಗೆ 1ನ್ನೂ ಕೂಡಿಸಿ, ಎರಡನ್ನೂ 27ರಿಂದ ಭಾಗಿಸಿ ಬಂದ ಶೇಷವನ್ನು ಬಳಸುವುದು ಕ್ಷೇಮ. ಎಣಿಕೆ ಸೊನ್ನೆಯಿಂದ ಆರಂಭವಾಗುವುದನ್ನು ಮರೆಯಬಾರದು. ಚಕ್ರವನ್ನು ಫಂಕ್ಷನ್ನಿಗೆ ಕೊಡುವಾಗ ಅದರ ಜಾತಿಯನ್ನು 'ಇಂಟ್ (*ಚಕ್ರ)[27]' ಎಂದೇ ಬರೆಯಬೇಕು. ಅನಂತರ ಮೊದಲ ಕೆಲವು ಅಕ್ಷರಗಳನ್ನು ಮುದ್ರಿತ ಚಕ್ರದ ಮೇಲೆ ಬೆರಳಿಟ್ಟು ಸರಿನೋಡಬೇಕು. ಅಂಚನ್ನು ದಾಟಿದೊಡನೆ ಬರುವ ಅಕ್ಷರವನ್ನು ಎರಡು ಬಾರಿ.