ದುಡಿಮೆಯ ಸಾಧನಗಳೂ ದುಡಿಯುವವನ ಮನಸ್ಸೂ

ಕಾರ್ತಿಕ ಮಾಸ ಕಾಲಿಟ್ಟಿತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ತೋಟದ ಮನೆಗಳಲ್ಲಿ ಅಡಿಕೆ ಸುಗ್ಗಿಯ ಸಡಗರ ಆರಂಭವಾಗುತ್ತದೆ. ಕೊನೆಗೌಡನು ಮರವೇರಿ ಇಳಿಸಿದ ಕೊನೆಗಳು ಅಂಗಳಕ್ಕೆ ಬರುತ್ತವೆ. ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವ ಹೆಂಗಸರ ಮಾತುಕತೆ ಇರುಳು ಹೊತ್ತಾಗುವವರೆಗೂ ಕೇಳಿಬರುತ್ತದೆ. ಸುಲಿದ ಅಡಿಕೆಯ ಅಳತೆಯ ಮೇಲೆ ಕೂಲಿ. ಊರೊಳಗೆ ಕೂಲಿಯ ದರ ಸಾಮಾನ್ಯವಾಗಿ ಒಂದೇ. ಹಾಗಿದ್ದೂ ಒಂದು ಮನೆಯ ಚಪ್ಪರಕ್ಕೆ ಕರೆಯದೆಯೇ ಜನ ಬರುತ್ತಾರೆ. ಇನ್ನೊಂದು ಮನೆಗೆ ಎರಡು ಸಲ ಹೇಳಿಕಳುಹಿಸಿದರೂ ಬರುವವರಿಲ್ಲ. ಕಾರಣವನ್ನು ವಿಚಾರಿಸಿದರೆ ಅವರು ಹೇಳುವ ಮಾತುಗಳು ತೀರ ಸರಳವಾದವು: “ಅಲ್ಲಿ ಬೆಳಕು ಚೆನ್ನಾಗಿದೆ. ಕತ್ತಿ ಮಸೆದಿರುತ್ತದೆ. ಅಳೆಯುವಾಗ ನಮ್ಮೆದುರಿಗೇ ಅಳೆಯುತ್ತಾರೆ. ಜೊತೆಯವರ ಹತ್ತಿರ ಕೂರಲು ಬಿಡುತ್ತಾರೆ.”

ಈ ನಾಲ್ಕು ಮಾತುಗಳಲ್ಲಿ ಕೂಲಿಯ ಪ್ರಸ್ತಾಪವಿಲ್ಲ. ಹಾಗೆಂದು ಅವರಿಗೆ ಕೂಲಿ ಬೇಡವೆಂದಲ್ಲ. ಕೂಲಿಯು ಸಮನಾಗಿರುವಲ್ಲಿ ಮನಸ್ಸನ್ನು ಎಳೆಯುವ ಅಥವಾ ದೂಡುವ ಬೇರೆ ಸಂಗತಿಗಳು ಇವೆಯೆಂಬುದನ್ನು ಅವು ಸೂಚಿಸುತ್ತವೆ. ದುಡಿಯುವ ಸ್ಥಳದಲ್ಲಿ ದೊರೆಯುವ ಸಾಧನ ಸೌಕರ್ಯಗಳಿಗೂ ದುಡಿಯುವವರ ಮನಸ್ಸಿನ ಮೂಲಭೂತ ಅಗತ್ಯಗಳಿಗೂ ಇರುವ ಸಂಬಂಧವನ್ನು ವಿಚಾರಿಸುವುದು, ಅದರಿಂದ ನಮ್ಮ ಶಾಲೆಗಳಿಗೆ ದೊರೆಯುವ ಪಾಠವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೂರು ಅಗತ್ಯಗಳು

ಅನ್ನ, ನೀರು, ನಿದ್ರೆಗಳು ದೇಹಕ್ಕೆ ಹೇಗೋ ಹಾಗೆಯೇ ಮನಸ್ಸಿಗೂ ಕೆಲವು ಆಹಾರಗಳು ಅವಶ್ಯಕವೆಂದು ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಮನಶ್ಶಾಸ್ತ್ರಜ್ಞರು ಪ್ರತಿಪಾದಿಸಿದರು. ಡೆಸಿಯವರು 1971ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಕಾಲೇಜು ವಿದ್ಯಾರ್ಥಿಗಳಿಗೆ ಮರದ ತುಂಡುಗಳನ್ನು ಜೋಡಿಸುವ ಒಗಟನ್ನು ಕೊಟ್ಟು, ಕೆಲವರಿಗೆ ಬಿಡಿಸಿದ ಪ್ರತಿಯೊಂದು ಒಗಟಿಗೂ ಹಣ ಕೊಟ್ಟರು. ಅನಂತರ ಹಣವನ್ನು ನಿಲ್ಲಿಸಿದಾಗ, ಹಣ ಪಡೆದಿದ್ದವರು ತಮ್ಮ ಬಿಡುವಿನ ವೇಳೆಯಲ್ಲಿ ಆ ಒಗಟಿನತ್ತ ಮೊದಲಿನಷ್ಟು ಒಲವು ತೋರಲಿಲ್ಲ. ಕೆಲಸದಲ್ಲಿಯೇ ಇರುವ ಸಂತೋಷವೆಂಬುದು ಒಂದು ನಿಜವಾದ ವಸ್ತು, ಅದನ್ನು ಬೆಳೆಸಲೂಬಹುದು ಕೆಡಿಸಲೂಬಹುದು ಎಂಬ ವಿಚಾರ ಅಲ್ಲಿಂದ ಬೆಳೆಯಿತು. 1985ರಲ್ಲಿ ಇವರಿಬ್ಬರೂ ಕೂಡಿ ಬರೆದ ಗ್ರಂಥವು ಈ ಸಿದ್ಧಾಂತಕ್ಕೆ ಭದ್ರವಾದ ನೆಲೆಯನ್ನು ಒದಗಿಸಿತು.

ಅವರು ಹೇಳುವ ಅಗತ್ಯಗಳು ಮೂರು. ಮೊದಲನೆಯದು ಸ್ವಾಯತ್ತತೆ, ಮಾಡುವ ಕೆಲಸಕ್ಕೆ ನನ್ನ ಒಪ್ಪಿಗೆಯಿದೆ, ಅದರಲ್ಲಿ ನನ್ನ ಮಾತಿಗೆ ಬೆಲೆಯಿದೆ ಎಂಬ ಅನುಭವ. ಎರಡನೆಯದು ಸಾಮರ್ಥ್ಯ, ಈ ಕೆಲಸ ನನ್ನಿಂದ ಆಗುತ್ತದೆ, ದಿನದಿಂದ ದಿನಕ್ಕೆ ಕೈ ಪಳಗುತ್ತಿದೆ ಎಂಬ ಭರವಸೆ. ಮೂರನೆಯದು ಬಾಂಧವ್ಯ; ನಾನು ಇವರವನು, ಇವರು ನನ್ನವರು ಎಂಬ ಭಾವ. ಸ್ವಾಯತ್ತತೆಯೆಂದರೆ ಒಂಟಿಯಾಗಿರುವುದಲ್ಲ, ಹೇಳಿದ ಮಾತನ್ನು ಕೇಳದಿರುವುದೂ ಅಲ್ಲ. ಹಿರಿಯರು ಹೇಳಿದ ಕೆಲಸವನ್ನು ಮನಃಪೂರ್ವಕವಾಗಿ ಒಪ್ಪಿ ಮಾಡುವವನೂ ಸ್ವಾಯತ್ತನೇ.

ಸಾಧನವೆಂದರೇನು?

ಕೆಲಸದಲ್ಲಿ ಎರಡು ಮುಖಗಳುಂಟು. ಶಕ್ತಿಯನ್ನು ಹೀರುವುದು ಹೊರೆ. ಹೊರೆಯನ್ನು ಹಗುರಗೊಳಿಸಿ ಗುರಿ ಮುಟ್ಟಿಸುವುದು ಸಾಧನ. 2001ರಲ್ಲಿ ಯೂರೋಪಿನ ಕೆಲವು ವಿದ್ವಾಂಸರು ಈ ವಿಭಜನೆಯನ್ನು ಶಾಸ್ತ್ರೀಯವಾಗಿ ಮಂಡಿಸಿದರು. ಇಲ್ಲಿ ಸಾಧನವೆಂದರೆ ಕತ್ತಿ, ಮಗ್ಗ, ಸೂಕ್ಷ್ಮದರ್ಶಕ ಮಾತ್ರವಲ್ಲ. ಸಾಕಷ್ಟು ಕಾಲಾವಕಾಶ, ತಿಳಿವಳಿಕೆ, ತರಬೇತಿ, ಹಿರಿಯರ ಬೆಂಬಲ, ನಿರ್ಧಾರದಲ್ಲಿ ಪಾಲು, ಇವೆಲ್ಲವೂ ಸಾಧನಗಳೇ. ಬೆಲ್ಜಿಯಂ ದೇಶದ ಡಚ್ ಭಾಷಿಕ ಪ್ರದೇಶದ 745 ಮಂದಿ ನೌಕರರನ್ನು ಕುರಿತು 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಎರಡು ವಿಚಾರಗಳನ್ನು ಹೆಣೆಯಿತು. ಸಾಧನಗಳು ಹೆಚ್ಚಿದ್ದವರಲ್ಲಿ ಉತ್ಸಾಹ ಹೆಚ್ಚು, ಬಳಲಿಕೆ ಕಡಿಮೆ. ಈ ಸಂಬಂಧವನ್ನು ಮೇಲೆ ಹೇಳಿದ ಮೂರು ಅಗತ್ಯಗಳ ಪೂರೈಕೆಯು ಭಾಗಶಃ ವಿವರಿಸುತ್ತದೆ ಎಂದು ಅದು ತೋರಿಸಿತು. ಪ್ರಶ್ನಾವಳಿಯನ್ನು ಆಧರಿಸಿದ ಇಂತಹ ಅಧ್ಯಯನದಿಂದ ಕಾರ್ಯಕಾರಣವನ್ನು ಖಚಿತವಾಗಿ ನಿರ್ಣಯಿಸಲಾಗದು. ಆದರೂ ಒಂದು ದಾರಿಯ ಸುಳಿವು ದೊರೆಯುತ್ತದೆ: ಸಾಧನವು ಭಾಗಶಃ ಮನಸ್ಸಿನ ಮೂಲಕವೂ ಫಲ ಕೊಡುತ್ತಿರಬಹುದು.

ನಮ್ಮ ಸೀಮೆಯ ನಿದರ್ಶನಗಳು

ಇದಕ್ಕೆ ದೂರದ ಉದಾಹರಣೆಗಳನ್ನು ಹುಡುಕಬೇಕಾಗಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ರೈತ ಸತ್ಯಾಗ್ರಹವನ್ನು ನೆನೆಯೋಣ. ಗೇಣಿ ಭತ್ತವನ್ನು ಅಳೆಯುವ ಕೊಳಗವು ಅಳತೆಗಿಂತ ದೊಡ್ಡದೆಂಬುದು ಗೇಣಿದಾರರ ಪ್ರಮುಖ ದೂರುಗಳಲ್ಲಿ ಒಂದಾಗಿತ್ತು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಹೋರಾಟಕ್ಕೆ ತೀರ್ಥಹಳ್ಳಿ ತಾಲ್ಲೂಕಿನ ಶಾಂತವೇರಿ ಗೋಪಾಲಗೌಡರು ಬೆಂಬಲವಾಗಿ ನಿಂತರು. ರಾಮಮನೋಹರ ಲೋಹಿಯಾ ಅವರು ಬಂದು ಬಂಧನಕ್ಕೊಳಗಾದರು. ಕೊಳಗವೆಂಬುದು ಮರದ ಒಂದು ಪಾತ್ರೆ. ಆದರೆ ಅದನ್ನು ಪರೀಕ್ಷಿಸುವ, ಪ್ರಶ್ನಿಸುವ ಅಧಿಕಾರ ಉಳುವವನಿಗೆ ಇಲ್ಲದಿದ್ದಾಗ ಅದೇ ಪಾತ್ರೆ ಅವಮಾನದ ಕುರುಹಾಯಿತು. ಭತ್ತದ ನಷ್ಟ ಒಂದು. ತನ್ನ ಬೆವರಿನ ಅಳತೆಯಲ್ಲಿ ತನಗೆ ಮಾತಿಲ್ಲವೆಂಬ ನೋವು ಮತ್ತೊಂದು.

ಸಾಗರದ ಗುಡಿಗಾರರ ಕೈಚಳಕ ನಾಡಿಗೆಲ್ಲ ಪರಿಚಿತ. ಶ್ರೀಗಂಧವು ವಿರಳವಾಗಿ, ಅದರ ಪೂರೈಕೆ ಸರ್ಕಾರದ ನಿಯಂತ್ರಣವನ್ನು ಅವಲಂಬಿಸಿದ ಕಾರಣ, ಎಷ್ಟೋ ಸಲ ಉಳಿಯಿದ್ದೂ ಮರವಿಲ್ಲದ ಸ್ಥಿತಿ ಅವರಿಗೊದಗಿತು. ತಲೆಮಾರುಗಳಿಂದ ಬಂದ ನೈಪುಣ್ಯವು ಕಚ್ಚಾವಸ್ತುವಿಲ್ಲದೆ ಕೈಕಟ್ಟಿ ಕುಳಿತಾಗ ಸೊರಗುವುದು ವರಮಾನ ಮಾತ್ರವಲ್ಲ, ‘ನಾನು ಬಲ್ಲೆ’ ಎಂಬ ಭರವಸೆಯೂ ಹೌದು.

ಹೆಗ್ಗೋಡಿನ ಸಮೀಪದ ಭೀಮನಕೋಣೆಯಲ್ಲಿ ರಂಗನಿರ್ದೇಶಕ ಪ್ರಸನ್ನ ಅವರ ಮಾರ್ಗದರ್ಶನದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಚರಕ ಮಹಿಳಾ ಸಹಕಾರ ಸಂಘವು ಇನ್ನೊಂದು ಬಗೆಯ ನಿದರ್ಶನ. ಅಡಿಕೆಯ ಚೊಗರಿನಂತಹ ಸ್ಥಳೀಯ ವಸ್ತುಗಳಿಂದ ಬಣ್ಣ ತೆಗೆದು, ಕೈಮಗ್ಗದಲ್ಲಿ ನೇಯ್ದು, ಬಟ್ಟೆ ಹೊಲಿಯುವ ಕೆಲಸವನ್ನು ಹಳ್ಳಿಯ ಹೆಣ್ಣುಮಕ್ಕಳು ಅಲ್ಲಿ ಕಲಿತರು. ಸಹಕಾರ ಸಂಘದಲ್ಲಿ ದುಡಿಯುವವಳು ಸದಸ್ಯಳೂ ಹೌದು. ಮಗ್ಗ, ಕಲಿಕೆ, ಒಡನಾಟ, ಸಭೆಯಲ್ಲಿ ಮಾತು, ಇವೆಲ್ಲ ಒಂದೆಡೆ ಕೂಡಿದ್ದರಿಂದಲೇ ಅದು ನಾಡಿನ ಗಮನ ಸೆಳೆಯಿತು. ಆದರೆ 2020ರಲ್ಲಿ ಸಂಘವು ತನ್ನ ತೀವ್ರ ಆರ್ಥಿಕ ಸಂಕಷ್ಟವನ್ನು ಬಹಿರಂಗವಾಗಿ ಹೇಳಿಕೊಳ್ಳಬೇಕಾಯಿತು. ಮನಸ್ಸಿನ ತೃಪ್ತಿಯು ಸಂಬಳಕ್ಕೆ ಬದಲಿಯಾಗಲಾರದು ಎಂಬ ಎಚ್ಚರವನ್ನೂ ನಾವು ಇಲ್ಲಿಂದಲೇ ಪಡೆಯಬೇಕು.

ಇನ್ನು ಯಂತ್ರಗಳ ವಿಚಾರ. ಅಡಿಕೆ ಸುಲಿಯುವ ಯಂತ್ರವು ಇಂದು ಅನೇಕ ಮನೆಗಳಿಗೆ ಬಂದಿದೆ. ಬೆರಳಿನ ಗಾಯ, ನಿದ್ದೆಗೇಡು ತಪ್ಪಿದವು. ಅದರೊಡನೆ ಚಪ್ಪರದಡಿಯ ಮಾತುಕತೆಯೂ ಕಡಿಮೆಯಾಯಿತು. ನೆಲದ ಮೇಲೆಯೇ ನಿಂತು ಕೊನೆ ಇಳಿಸುವ ಹಗುರವಾದ ದೋಟಿಯು ಕೊನೆಗೌಡನನ್ನು ಜೀವಭಯದಿಂದ ಪಾರುಮಾಡುತ್ತದೆ. ಆದರೆ ತರಬೇತಿಯಿಲ್ಲದೆ ಅದನ್ನು ಕೈಗಿತ್ತರೆ ನುರಿತವನೂ ಹೊಸಬನಾಗಿ ಬಿಡುತ್ತಾನೆ. ಆದುದರಿಂದ ಒಂದು ಸಾಧನವು ಬಂದಾಗ ಎಷ್ಟು ಕೆಲಸ ಉಳಿಯಿತೆಂದು ಕೇಳುವುದರ ಜೊತೆಗೆ, ಯಾವ ಅಗತ್ಯ ತುಂಬಿತು, ಯಾವುದು ಬರಿದಾಯಿತು ಎಂದೂ ಕೇಳಬೇಕಾಗುತ್ತದೆ.

ಬೀಗ ಹಾಕಿದ ಕಪಾಟು

ಇಲ್ಲಿ ನನ್ನ ಅನುಭವವೊಂದನ್ನು ನಿವೇದಿಸಿಕೊಳ್ಳಲು ವಾಚಕರು ಅನುಮತಿಸಬೇಕು. ವೃತ್ತಿಯ ಆರಂಭದಲ್ಲಿ ನಾನು ವಿಜ್ಞಾನದ ಅಧ್ಯಾಪಕನಾಗಿ ಸೇರಿದ ಶಾಲೆಯೊಂದರಲ್ಲಿ ದಾನಿಗಳು ಕೊಟ್ಟ ಒಳ್ಳೆಯ ಸೂಕ್ಷ್ಮದರ್ಶಕವೊಂದಿತ್ತು. ಅದು ಕಪಾಟಿನಲ್ಲಿತ್ತು, ಕಪಾಟಿಗೆ ಬೀಗವಿತ್ತು, ಬೀಗದ ಕೈ ಕಚೇರಿಯಲ್ಲಿತ್ತು. ಒಡೆದರೆ ಸಂಬಳದಲ್ಲಿ ಕಡಿತ ಎಂಬ ಮಾತನ್ನು ಮೊದಲ ದಿನವೇ ಕೇಳಿದ್ದೆ. ಜೂನ್ ತಿಂಗಳಲ್ಲಿ ಎರಡು ಸಲ ಕೇಳಿದೆ, ಜುಲೈಯಲ್ಲಿ ಒಂದು ಸಲ. ಆಮೇಲೆ ಕೇಳುವುದನ್ನೇ ಬಿಟ್ಟೆ. ಈರುಳ್ಳಿ ಸಿಪ್ಪೆಯ ಜೀವಕೋಶಗಳನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿದೆ. ವರ್ಷಾಂತ್ಯದ ದಾಸ್ತಾನು ಪರಿಶೀಲನೆಗೆಂದು ಕಪಾಟನ್ನು ತೆರೆದಾಗ, ಮಲೆನಾಡಿನ ಮಳೆಗಾಲದ ತೇವಕ್ಕೆ ಮಸೂರಗಳ ಮೇಲೆಲ್ಲ ಬೂಷ್ಟು ಹಿಡಿದಿತ್ತು. ದಾಸ್ತಾನು ಪುಸ್ತಕದಲ್ಲಿ ಮಾತ್ರ ಅದು ಸುಸ್ಥಿತಿಯಲ್ಲಿತ್ತು!

ಆ ಉಪಕರಣ ಹಾಳಾದುದಕ್ಕಿಂತ, ನಾನು ಕೇಳುವುದನ್ನು ಬಿಟ್ಟೆನಲ್ಲ ಎಂಬುದೇ ಇಂದಿಗೂ ನನ್ನನ್ನು ಕಾಡುತ್ತದೆ. ಬೂಷ್ಟು ಹಿಡಿದದ್ದು ಮಸೂರಕ್ಕೆ ಮಾತ್ರವಾಗಿರಲಿಲ್ಲ. ಮುಂದೆ ಇನ್ನೊಂದು ಶಾಲೆಯ ಹಿರಿಯ ಮುಖ್ಯೋಪಾಧ್ಯಾಯರು ನಾನು ಸೇರಿದ ವಾರವೇ ಬೀಗದ ಕೈಯನ್ನು ನನ್ನ ಕೈಗಿತ್ತು, “ಮೇಷ್ಟ್ರೇ, ಒಡೆದರೆ ಬಂದು ಹೇಳಿ, ಬಚ್ಚಿಡಬೇಡಿ” ಎಂದರು. ಅಲ್ಲಿದ್ದದ್ದು ಹಳೆಯ, ಒಂದೇ ಮಸೂರದ ಉಪಕರಣ. ಆದರೂ ಆ ವರ್ಷ ಮಕ್ಕಳು ಕೆರೆಯ ನೀರನ್ನು, ಅಡಿಕೆಯ ಹಿಂಗಾರವನ್ನು, ಜರೀಗಿಡದ ಎಲೆಯನ್ನು ತಂದು ತಂದು ನೋಡಿದರು. ಹಳೆಯ ಉಪಕರಣವು ಮಾಡಿದ ಕೆಲಸವನ್ನು ಹೊಸದು ಮಾಡಲಿಲ್ಲ. ಏಕೆಂದರೆ ಒಂದರ ಜೊತೆಯಲ್ಲಿ ವಿಶ್ವಾಸ ಬಂದಿತ್ತು, ಇನ್ನೊಂದರ ಜೊತೆಯಲ್ಲಿ ಭಯ.

ನಮ್ಮ ಕರ್ತವ್ಯ

ದುಡಿಮೆಯನ್ನು ಕಾಯಕವೆಂದು ಕರೆದು, ಮಡಿವಾಳ, ಅಂಬಿಗ, ಹಗ್ಗ ಹೊಸೆಯುವವರ ಕಸುಬುಗಳಿಗೆ ಘನತೆ ತಂದ ಪರಂಪರೆ ನಮ್ಮದು. ಆದರೆ ಕಾಯಕದ ಹೆಸರಿನಲ್ಲಿ ದುಡಿಯುವವನಿಂದ ಬರಿಯ ತ್ಯಾಗವನ್ನೇ ನಿರೀಕ್ಷಿಸುವುದು ಆ ಘನತೆಗೆ ತಕ್ಕ ನಡೆಯಲ್ಲ. ಮಠಗಳ ಶಾಲೆಗಳು ಬೆಳೆದದ್ದು ದಾನಿಗಳ ಔದಾರ್ಯದಿಂದ. ಅವರಲ್ಲಿ ವಿನಂತಿ ಇಷ್ಟೇ: ಕಟ್ಟಡಕ್ಕೋ ಉಪಕರಣಕ್ಕೋ ಹಣ ನೀಡುವ ಮುನ್ನ, ಅದನ್ನು ಬಳಸುವ ಅಧ್ಯಾಪಕರನ್ನು ಒಮ್ಮೆ ಕೇಳಬೇಕು, ದುರಸ್ತಿಗೂ ಒಡೆದುಹೋದುದನ್ನು ತುಂಬಿಕೊಡುವುದಕ್ಕೂ ಒಂದು ಪಾಲನ್ನು ತೆಗೆದಿಡಬೇಕು. ಆಡಳಿತ ವರ್ಗದವರು ಬೀಗದ ಕೈಯನ್ನು ಬಳಸುವವರ ಬಳಿ ಇಡಬೇಕು, ಕಲಿಯುವುದಕ್ಕೆ ಕಾಲಾವಕಾಶವನ್ನೂ ನೀಡಬೇಕು. ಹಿರಿಯ ಅಧ್ಯಾಪಕರು ಹೊಸದಾಗಿ ಬಂದವರನ್ನು ಜೊತೆಗೂಡಿಸಿಕೊಳ್ಳಬೇಕು. ಹಳೆಯ ವಿದ್ಯಾರ್ಥಿಗಳು ಊರಿಗೆ ಬಂದಾಗ ತಮ್ಮ ಗುರುಗಳನ್ನು ಕಂಡು ಎರಡು ಮಾತನಾಡಿದರೆ ಅದೂ ಒಂದು ಸಾಧನವೇ, ಅದಕ್ಕೆ ಖರ್ಚಿಲ್ಲ.

ಸ್ವಾಯತ್ತತೆ, ಸಾಮರ್ಥ್ಯ, ಬಾಂಧವ್ಯಗಳನ್ನು ತಾನು ಅನುಭವಿಸದ ಅಧ್ಯಾಪಕನು ಅವನ್ನು ಮಕ್ಕಳಿಗೆ ಹೇಗೆ ತಾನೆ ಕೊಡಬಲ್ಲನು? ಈ ಸಂಚಿಕೆಯನ್ನು ಓದಿ ಮುಗಿಸಿದ ಮೇಲೆ ನಮ್ಮ ನಮ್ಮ ಶಾಲೆಗಳಲ್ಲಿ ಬೀಗ ಹಾಕಿರುವ ಕಪಾಟು ಯಾವುದಾದರೂ ಇದೆಯೇ ಎಂದು ಒಮ್ಮೆ ನೋಡೋಣ. ಇದ್ದರೆ, ಮುಂದಿನ ಮಳೆಗಾಲ ಬರುವುದಕ್ಕೆ ಮುಂಚೆ ಅದನ್ನು ತೆರೆಯೋಣ.