ಪ್ರಬಲ ಸುಸ್ಥಿರತೆ: ಧನವು ಧರೆಯ ಸ್ಥಾನವನ್ನು ತುಂಬೀತೆ?

ಹಿರಿಯರಿಂದ ಬಂದ ಆಸ್ತಿಯನ್ನು ಕಿರಿಯರಿಗೆ ಕುಂದಿಲ್ಲದೆ ಒಪ್ಪಿಸಬೇಕೆಂಬುದು ಗೃಹಸ್ಥರೆಲ್ಲರೂ ಒಪ್ಪುವ ಮಾತು. ಆದರೆ ಹೊಲವನ್ನು ಮಾರಿ ಅದರ ಬೆಲೆಯಷ್ಟು ಹಣವನ್ನು ಮಗನ ಕೈಗಿತ್ತರೆ ಆಸ್ತಿಯು ಕುಂದಿಲ್ಲದೆ ಉಳಿದಂತಾಯಿತೆ? ಈ ಪ್ರಶ್ನೆಯನ್ನು ಕುರಿತು ಅರ್ಥಶಾಸ್ತ್ರಜ್ಞರಲ್ಲಿ ಎರಡು ಪಕ್ಷಗಳುಂಟು.

ಮೊದಲನೆಯದು ದುರ್ಬಲ ಸುಸ್ಥಿರತೆಯ ಪಕ್ಷ. ನೆಲ, ಜಲ, ಕಾಡು, ಖನಿಜಗಳು ಪ್ರಕೃತಿಯಿತ್ತ ಬಂಡವಾಳ. ಯಂತ್ರ, ಕಟ್ಟಡ, ಹಣಗಳು ಮನುಷ್ಯನು ನಿರ್ಮಿಸಿದ ಬಂಡವಾಳ. ಮೊದಲನೆಯದು ಕರಗಿದರೂ ಎರಡನೆಯದು ಅಷ್ಟೇ ಬೆಳೆದು, ಒಟ್ಟು ಮೊತ್ತವು ಕುಗ್ಗದಿದ್ದರೆ ಸಾಕೆಂಬುದು ಇವರ ವಾದ. ಖನಿಜದಿಂದ ಬಂದ ಲಾಭವನ್ನು ಉಂಡು ಮುಗಿಸದೆ ಬಂಡವಾಳವಾಗಿ ಹೂಡಬೇಕೆಂದು ಜಾನ್ ಹಾರ್ಟ್‌ವಿಕ್ 1977ರಲ್ಲಿ ವಿಧಿಸಿದ ನಿಯಮವು ಇದಕ್ಕೆ ಆಧಾರ.

ಎರಡನೆಯದು ಪ್ರಬಲ ಸುಸ್ಥಿರತೆಯ ಪಕ್ಷ. ಇದರ ಪ್ರಮುಖ ಪ್ರತಿಪಾದಕರು ಅಮೆರಿಕದ ಹರ್ಮನ್ ಡೇಲಿ (1938–2022). ಈ ಎರಡು ಬಂಡವಾಳಗಳು ಒಂದಕ್ಕೊಂದು ಪೂರಕವೇ ಹೊರತು ಬದಲಿಯಲ್ಲವೆಂದು ಇವರು ಹೇಳುತ್ತಾರೆ. ಮೀನು ತೀರಿದ ಕಡಲಿನಲ್ಲಿ ದೋಣಿಗಳನ್ನು ಹೆಚ್ಚಿಸಿ ಫಲವೇನು? ಆದುದರಿಂದ ಪ್ರಕೃತಿಯ ಬಂಡವಾಳವನ್ನು ಬೇರೆಯಾಗಿ ಎಣಿಸಿ, ಬೇರೆಯಾಗಿಯೇ ಕಾಯಬೇಕು.

ಇದಕ್ಕೆ ದೃಷ್ಟಾಂತ ಪೆಸಿಫಿಕ್ ಸಾಗರದ ನೌರು ದ್ವೀಪ. ಅದರ ವಿಸ್ತೀರ್ಣವು 21 ಚದರ ಕಿಲೋಮೀಟರ್ ಮಾತ್ರ. ಗೊಬ್ಬರಕ್ಕೆ ಬೇಕಾದ ಫಾಸ್ಫೇಟನ್ನು 20ನೆಯ ಶತಮಾನದ ಆರಂಭದಿಂದ ಪರಕೀಯರು ಅಲ್ಲಿ ಅಗೆದು ಸಾಗಿಸಿದರು. 1968ರಲ್ಲಿ ಸ್ವತಂತ್ರವಾದ ಆ ನಾಡು ಗಣಿಯನ್ನು ತಾನೇ ವಹಿಸಿಕೊಂಡು, ಮುಂದಿನ ಪೀಳಿಗೆಗಾಗಿ ಆದಾಯದ ಒಂದು ಪಾಲನ್ನು ನಿಧಿಯಾಗಿ ಕೂಡಿಟ್ಟಿತು. ಅದು ಮೊದಲ ಪಕ್ಷದವರು ಮೆಚ್ಚುವ ನಡೆಯೇ. ಆದರೆ ಕೆಟ್ಟ ಹೂಡಿಕೆಗಳಿಂದಲೂ ದುರಾಡಳಿತದಿಂದಲೂ ನಿಧಿಯು ಕರಗಿತು. ದ್ವೀಪದ ಸುಮಾರು ಐದರಲ್ಲಿ ನಾಲ್ಕು ಪಾಲು ನೆಲವು ಅಗೆತಕ್ಕೆ ಸಿಕ್ಕಿ, ಸುಣ್ಣಕಲ್ಲಿನ ಮೊನೆಗಳು ನಿಂತ ಬಂಜರಾಯಿತು. 1993ರಲ್ಲಿ ಆಸ್ಟ್ರೇಲಿಯವು ಪರಿಹಾರಧನವನ್ನು ಕೊಡಲು ಒಪ್ಪಿತಾದರೂ ಆ ನೆಲದ ಬಹುಭಾಗವು ಇಂದಿಗೂ ಸಾಗುವಳಿಗೆ ಮರಳಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಏಳಬಹುದು: ನಿಧಿಯನ್ನು ಜಾಣತನದಿಂದ ಕಾದಿದ್ದರೆ ಅವರಿಗೆ ಕೊರತೆಯೇನಿತ್ತು? ಹೊರಗಿನಿಂದ ಧಾನ್ಯವನ್ನು ತರಿಸಿ ಉಣ್ಣಬಹುದಿತ್ತೆಂಬುದು ನಿಜ. ಆದರೆ ಆ ಧಾನ್ಯವನ್ನು ಬೆಳೆಯುವುದು ಬೇರೊಂದು ನಾಡಿನ ಮಣ್ಣು. ಒಂದು ದ್ವೀಪವು ಹಾಗೆ ಬದುಕೀತು. ಎಲ್ಲ ನಾಡುಗಳೂ ತಮ್ಮ ಮಣ್ಣನ್ನು ಮಾರಿಕೊಂಡರೆ ಕೊಳ್ಳುವುದೆಲ್ಲಿಂದ?

ಪ್ರಕೃತಿಯನ್ನು ಮುಟ್ಟಲೇಬಾರದೆಂಬುದು ಪ್ರಬಲ ಪಕ್ಷದ ತಾತ್ಪರ್ಯವಲ್ಲ. ಕಾಡು ಬೆಳೆಯುವಷ್ಟೇ ಕಡಿಯಬೇಕು. ಬಾವಿಗೆ ಒಸರುವಷ್ಟೇ ನೀರನ್ನು ಸೇದಬೇಕು. ಫಲವು ನಮ್ಮದು, ಮೂಲವು ಮುಂದಿನವರದು.